ಆಕರವಿವೇಕ



ದತ್ತಿ ಉಪನ್ಯಾಸವೆಂದರೆ ಮಹಾವಿಷಯವೊಂದನ್ನು ಎತ್ತಿಕೊಂಡು ಅದರ ಸುತ್ತ ಪ್ರದಕ್ಷಿಣೆ ಬಂದು ಮಂಗಳ ಹಾಡುವುದೆಂಬ ಸಂಪ್ರದಾಯ ನಮ್ಮಲ್ಲಿ ಬೆಳೆದುಬಂದಿದೆಯಾದರೂ, ಈ ದತ್ತಿಯನ್ನು ಇಟ್ಟವರು ವಿದ್ಯಾರ್ಥಿಗಳ ಪ್ರಯೋಜನವನ್ನೇ ಮುಖ್ಯವಾಗಿ ಬಯಸಿದರೆಂದು ಕೇಳಿರುವುದರಿಂದ, ನಾನು ಇಂದು ಬರವಣಿಗೆಯ ಕಸುಬಿಗೆ ಸಂಬಂಧಪಟ್ಟ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಸಾಹಿತ್ಯ, ಇತಿಹಾಸ, ಧರ್ಮ, ಕಲೆ ಇವುಗಳಲ್ಲಿ ಯಾವುದರ ಕುರಿತಾಗಿಯಾದರೂ ಪ್ರಬಂಧ ಬರೆಯಹೊರಟವನು ಮೂಲಸಾಮಗ್ರಿಯನ್ನೂ ಆ ಸಾಮಗ್ರಿಯ ಮೇಲೆ ವಿದ್ವಾಂಸರು ಬರೆದಿಟ್ಟ ಗ್ರಂಥಗಳನ್ನೂ ಹೇಗೆ ಬಳಸಬೇಕು ಎಂಬುದೇ ಆ ವಿಷಯ. ಇದು ಶುಷ್ಕವಾಗಿ ತೋರಿದರೆ ದೋಷ ನಿರೂಪಣೆಯದೆಂದು ತಿಳಿಯಬೇಕೇ ಹೊರತು ವಿಷಯದ್ದೆಂದಲ್ಲ.

ಈ ಮಾತನ್ನು ಆಡುವುದಕ್ಕೆ ಪುಣೆಗಿಂತ ಉಚಿತವಾದ ಸ್ಥಳ ದಕ್ಷಿಣಾಪಥದಲ್ಲಿ ಸುಲಭವಾಗಿ ದೊರೆಯದು. ವಿ.ಕಾ. ರಾಜವಾಡೆಯವರು 1910ರಲ್ಲಿ ಸಂಗಡಿಗರೊಡನೆ ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳ, ರಾಮಕೃಷ್ಣ ಗೋಪಾಲ ಭಾಂಡಾರಕರರ ಎಂಬತ್ತನೆಯ ಜನ್ಮದಿನವಾದ 1917ರ ಜುಲೈ 6ರಂದು ಅವರ ಹೆಸರಿನಲ್ಲಿಯೇ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ಪೇಶ್ವೆ ದಫ್ತರವನ್ನು ಕಾಪಾಡಿಕೊಂಡಿರುವ ಸರ್ಕಾರಿ ಪುರಾಭಿಲೇಖಾಗಾರ, ಯರವಡೆಯ ಕಡೆಗಿರುವ ಡೆಕ್ಕನ್ ಕಾಲೇಜು, ಇವೆಲ್ಲವನ್ನೂ ಒಂದು ದಿನದ ತಿರುಗಾಟದಲ್ಲಿ ನೋಡಿ ಮುಗಿಸಬಹುದು. ಓದಿ ಮುಗಿಸುವುದಕ್ಕೆ ಮಾತ್ರ ಒಂದು ಜನ್ಮ ಸಾಲದು. ಕನ್ನಡನಾಡಿನ ಪೂರ್ವೋತ್ತರಗಳನ್ನು ಅರಿಯಬಯಸುವವನು ಬೆಂಗಳೂರು ಮೈಸೂರುಗಳಿಗೆ ಹೋದಷ್ಟೇ ಸಲ ಈ ಊರಿಗೂ ಬರಬೇಕಾಗುತ್ತದೆ ಎಂಬುದನ್ನು ಇಲ್ಲಿಯ ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥಸೂರಿ ತನ್ನ ಕೆಲಸದ ಆರಂಭದಲ್ಲಿಯೇ ಎರಡು ಪ್ರತಿಜ್ಞೆಗಳನ್ನು ಮಾಡಿದನೆಂಬುದು ಸಂಸ್ಕೃತ ಬಲ್ಲವರಿಗೆಲ್ಲ ವಿದಿತವಾದ ಸಂಗತಿ. ಆಧಾರವಿಲ್ಲದ್ದನ್ನು ಬರೆಯೆನೆಂಬುದು ಮೊದಲನೆಯದು. ಅಪೇಕ್ಷಿತವಲ್ಲದ್ದನ್ನು ಹೇಳೆನೆಂಬುದು ಎರಡನೆಯದು. ನಮ್ಮ ಇಂದಿನ ವಿದ್ಯಾರ್ಥಿಗಳು ಮೊದಲನೆಯ ಪ್ರತಿಜ್ಞೆಯನ್ನು ಬಹುಮಟ್ಟಿಗೆ ಪಾಲಿಸುತ್ತಾರೆ, ಏಕೆಂದರೆ ಪರೀಕ್ಷಕರು ಅಡಿಟಿಪ್ಪಣಿಗಳನ್ನು ಎಣಿಸುತ್ತಾರೆ. ಎರಡನೆಯದನ್ನು ಯಾರೂ ನೆನೆಯುವುದಿಲ್ಲ. ಪಂಪನ ಕುರಿತು ಪ್ರಬಂಧ ಬರೆಯಹೊರಟವನು ಪಂಪನನ್ನು ಹತ್ತು ಪುಟ ಓದುವ ಮೊದಲೇ ಪಂಪನ ಮೇಲಿನ ಹತ್ತು ಪುಸ್ತಕಗಳನ್ನು ಮೇಜಿನ ಮೇಲೆ ರಾಶಿಹಾಕಿಕೊಂಡು, ಒಬ್ಬ ವಿಮರ್ಶಕರು ಹೀಗೆನ್ನುತ್ತಾರೆ, ಇನ್ನೊಬ್ಬರು ಹಾಗೆನ್ನುತ್ತಾರೆ ಎಂದು ಬರೆಯುತ್ತ ಹೋಗಿ, ಕಟ್ಟಕಡೆಗೆ ಎಲ್ಲರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆಯೆಂದು ಸಮಾಧಾನಪಡುತ್ತಾನೆ. ಇಂತಹ ಬರಹದಲ್ಲಿ ಆಧಾರವಿಲ್ಲದ ವಾಕ್ಯ ಒಂದೂ ಇರಲಾರದು. ಆದರೂ ಅದು ಪ್ರಬಂಧವಲ್ಲ.

ಶಾಸನ, ಹಸ್ತಪ್ರತಿ, ಪತ್ರ, ನಾಣ್ಯ, ಚಿತ್ರ, ಕಾವ್ಯ ಇವು ಪ್ರಾಥಮಿಕ ಆಕರಗಳು. ಇವುಗಳ ಮೇಲೆ ಅನಂತರದವರು ಬರೆದ ಚರಿತ್ರೆ, ವಿಮರ್ಶೆ, ವ್ಯಾಖ್ಯಾನಗಳು ಆನುಷಂಗಿಕ ಆಕರಗಳು. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಂದೆ ಸಾಗುತ್ತವೆ. ಆದರೆ ಈ ವಿಭಾಗವು ವಸ್ತುವಿನ ಜಾತಿಯನ್ನು ಅನುಸರಿಸಿದ್ದಲ್ಲ, ನಾವು ಕೇಳುವ ಪ್ರಶ್ನೆಯನ್ನು ಅನುಸರಿಸಿದ್ದು ಎಂಬ ಒಂದು ಅಂಶವನ್ನು ನಾನು ಇಲ್ಲಿ ಸ್ವಲ್ಪ ಒತ್ತಿ ಹೇಳಬಯಸುತ್ತೇನೆ. 1896ರಲ್ಲಿ ಅಚ್ಚಾದ ಮುಂಬಯಿ ಗ್ಯಾಜೆಟಿಯರಿನ ಒಂದು ಸಂಪುಟದಲ್ಲಿ ಭಾಂಡಾರಕರರ ದಖ್ಖನಿನ ಪ್ರಾಚೀನ ಇತಿಹಾಸವೂ ಫ್ಲೀಟರ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯೂ ಒಂದೇ ರಟ್ಟಿನೊಳಗೆ ಇವೆ. ಚಾಲುಕ್ಯರ ವಿಷಯವಾಗಿ ಬರೆಯುವವನಿಗೆ ಇವೆರಡೂ ಆನುಷಂಗಿಕ ಆಕರಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡನಾಡಿನ ಚರಿತ್ರೆಯೆಂಬ ಕಲ್ಪನೆ ಹೇಗೆ ರೂಪುಗೊಂಡಿತೆಂದು ಕೇಳುವವನಿಗಾದರೋ ಅವೇ ಪುಟಗಳು ಪ್ರಾಥಮಿಕ ಆಕರಗಳಾಗಿಬಿಡುತ್ತವೆ. ಆಲೂರ ವೆಂಕಟರಾಯರ 1917ರ ‘ಕರ್ನಾಟಕ ಗತವೈಭವ’ವನ್ನು ರಾಷ್ಟ್ರಕೂಟರ ಕಾಲನಿರ್ಣಯಕ್ಕಾಗಿ ಓದುವವನು ನಿರಾಶನಾಗಬಹುದು; ಏಕೀಕರಣದ ಉತ್ಸಾಹವನ್ನು ಅರಿಯುವುದಕ್ಕಾಗಿ ಓದುವವನಿಗೆ ಅದಕ್ಕಿಂತ ಮಿಗಿಲಾದ ಸಾಕ್ಷ್ಯವಿಲ್ಲ. ಆದುದರಿಂದ ಪ್ರಬಂಧಕಾರನು ಮೊದಲು ನಿಶ್ಚಯಿಸಿಕೊಳ್ಳಬೇಕಾದದ್ದು ತನ್ನ ಪ್ರಶ್ನೆಯನ್ನು. ಪುಸ್ತಕಗಳ ವರ್ಗೀಕರಣ ತಾನಾಗಿ ಹಿಂಬಾಲಿಸುತ್ತದೆ.

ಈ ಮಾತನ್ನು ಒಂದು ದೊಡ್ಡ ನಿದರ್ಶನದಿಂದ ಪರೀಕ್ಷಿಸೋಣ. ಬಾದಾಮಿಯ ಇಮ್ಮಡಿ ಪುಲಕೇಶಿ ಕನೌಜಿನ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂಬುದು ಕನ್ನಡ ಮಕ್ಕಳೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿಯುವ ಸಂಗತಿ. ಆ ಯುದ್ಧ ಯಾವಾಗ ನಡೆಯಿತು? ಐಹೊಳೆಯ ಮೇಗುತಿ ದೇಗುಲದ ಗೋಡೆಯ ಮೇಲೆ ರವಿಕೀರ್ತಿ ಕೆತ್ತಿಸಿದ ಪ್ರಶಸ್ತಿಯಲ್ಲಿ ಹರ್ಷನು ಹರ್ಷವನ್ನು ಕಳೆದುಕೊಂಡ ಚಮತ್ಕಾರವಿದೆ. ಆ ಶಾಸನದ ಕಾಲ ಶಕ 556, ಎಂದರೆ 634–35. ಯುದ್ಧವು ಅದಕ್ಕೆ ಮೊದಲೇ ಮುಗಿದಿತ್ತೆಂದು ಇದರಿಂದ ತಿಳಿಯುತ್ತದೆಯೇ ಹೊರತು ಎಷ್ಟು ಮೊದಲೆಂದು ತಿಳಿಯದು. ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಹರ್ಷನು ಸ್ವತಃ ಸೈನ್ಯವನ್ನು ನಡೆಸಿಕೊಂಡು ಬಂದರೂ ಈ ನಾಡಿನವರು ಮಣಿಯಲಿಲ್ಲವೆಂದು ಬರೆದಿಟ್ಟನು, ವರ್ಷವನ್ನು ಹೇಳಲಿಲ್ಲ. ಬಾಣಭಟ್ಟನ ಹರ್ಷಚರಿತೆ ಕಥೆಯು ಅಲ್ಲಿಗೆ ಬರುವ ಮೊದಲೇ ನಿಂತುಹೋಗುತ್ತದೆ.

ಇಷ್ಟು ಸಾಮಗ್ರಿಯನ್ನು ಇಟ್ಟುಕೊಂಡು ವಿದ್ವಾಂಸರು ಎರಡು ಪಕ್ಷಗಳಾದರು. ಪುಲಕೇಶಿಯ ಅನಂತರದ ಚಾಲುಕ್ಯ ಅರಸರ ಶಾಸನಗಳು ಅವನಿಗೆ ಪರಮೇಶ್ವರನೆಂಬ ಬಿರುದು ಬಂದದ್ದು ಹರ್ಷನನ್ನು ಗೆದ್ದುದರಿಂದ ಎಂದು ಹೇಳುತ್ತವೆ. 612–13ರ ಹೈದರಾಬಾದು ತಾಮ್ರಶಾಸನದಲ್ಲಿಯೇ ಆ ಬಿರುದು ಕಾಣಿಸಿಕೊಳ್ಳುವುದರಿಂದ ಯುದ್ಧವು ಅದಕ್ಕೂ ಹಿಂದಿನದೆಂದು ಒಂದು ಪಕ್ಷ ವಾದಿಸಿತು. ಆದರೆ ಆ ತಾಮ್ರಶಾಸನ ಬಿರುದಿನ ಕಾರಣವನ್ನು ಹೇಳುವಾಗ ಹರ್ಷನ ಹೆಸರನ್ನೆತ್ತುವುದಿಲ್ಲ, ಅನೇಕ ಯುದ್ಧಗಳನ್ನು ಕಂಡ ಶತ್ರುವನ್ನು ಗೆದ್ದನೆಂದು ಮಾತ್ರ ಹೇಳುತ್ತದೆ. ಎರಡನೆಯ ಪಕ್ಷವು ನಾಸಿಕ ಜಿಲ್ಲೆಯ ಲೋಹನೇರಿನಲ್ಲಿ ಸಿಕ್ಕಿದ 630ರ ತಾಮ್ರಶಾಸನವನ್ನು ಹಿಡಿದುಕೊಂಡಿತು: ಪುಲಕೇಶಿಯ ವಿಜಯಗಳನ್ನು ಹೊಗಳುವ ಆ ಶಾಸನದಲ್ಲಿ ಹರ್ಷನ ಸುದ್ದಿಯಿಲ್ಲ, ಆದಕಾರಣ ಯುದ್ಧ ಅಲ್ಲಿಂದೀಚೆಗೆ ನಡೆದಿರಬೇಕು. ಹೀಗೆ ಒಂದು ಯುದ್ಧದ ಕಾಲ ಎರಡು ದಶಕಗಳಿಗಿಂತ ಹೆಚ್ಚಿನ ಅಂತರದಲ್ಲಿ ಉಯ್ಯಾಲೆಯಾಡುತ್ತಿತ್ತು. ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರು ಯಾವ ಪಕ್ಷದವರೋ ಆ ಪಕ್ಷದ ಇಸವಿಯನ್ನು ಬರೆದು ಅಂಕ ಪಡೆಯುತ್ತಿದ್ದರು.

ಖಾಸಗಿ ಸಂಗ್ರಾಹಕರೊಬ್ಬರ ವಶದಲ್ಲಿದ್ದ ತಾಮ್ರಪಟವೊಂದು ಇದೇ ಪುಣೆಯ ಭಾಂಡಾರಕರ ಮಂದಿರದ ವಿದ್ವಾಂಸರ ಕೈಗೆ ಬಂದದ್ದು ಈ ಶತಮಾನದ ಎರಡನೆಯ ದಶಕದಲ್ಲಿ. ಶ್ರೀನಂದ ಬಾಪಟ, ಪ್ರದೀಪ ಸೋಹೋನಿ ಇಬ್ಬರೂ ಅದನ್ನು ಓದಿ, ಅದರ ಮಿತಿಯನ್ನು ಗಣಿಸಿ, ಅದು 619ರ ಏಪ್ರಿಲ್ 4ಕ್ಕೆ ಸಲ್ಲುತ್ತದೆಂದು ನಿರ್ಣಯಿಸಿದರು. ವಿಜಯಪುರ–ಮುಂಬಯಿ ತಾಮ್ರಶಾಸನವೆಂದು ಕರೆಯಲ್ಪಡುವ ಇದರಲ್ಲಿ ಹರ್ಷನ ಮೇಲಣ ವಿಜಯದ ಉಲ್ಲೇಖವಿರುವುದರಿಂದ ಯುದ್ಧವು 618–19ರ ಚಳಿಗಾಲದಲ್ಲಿ ನಡೆದಿರಬೇಕೆಂಬುದು ಅವರ ಅಭಿಪ್ರಾಯ. ಲೋಹನೇರಿನ ಮೌನವನ್ನು ನಂಬಿದ ಪಕ್ಷ ಇದರಿಂದ ಬಿದ್ದುಹೋಯಿತು. ಒಂದು ದಾನಪತ್ರ ಒಂದು ಸಂಗತಿಯನ್ನು ಹೇಳಲಿಲ್ಲವೆಂದ ಮಾತ್ರಕ್ಕೆ ಆ ಸಂಗತಿ ನಡೆಯಲಿಲ್ಲವೆಂದು ಹೇಳುವ ತರ್ಕ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಆದರೂ ಎಚ್ಚರ ತಪ್ಪಬಾರದು: 619 ಎಂಬುದು ತಾಮ್ರಪಟದ ಕಾಲ, 618–19ರ ಚಳಿಗಾಲವೆಂಬುದು ವಿದ್ವಾಂಸರ ಅನುಮಾನ, ಹೊಸ ಶಾಸನ ದೊರೆತ ಉತ್ಸಾಹದಲ್ಲಿ ಇವೆರಡನ್ನೂ ಒಂದೇ ವಾಕ್ಯದಲ್ಲಿ ಬೆಸೆದು ಶಾಸನವೇ ಹಾಗೆ ಹೇಳುತ್ತದೆಂದು ಬರೆಯುವವನು ಹಿಂದಿನ ಎರಡು ಪಕ್ಷಗಳವರ ತಪ್ಪನ್ನೇ ಮೂರನೆಯ ಬಾರಿ ಮಾಡುತ್ತಾನೆ.

ಐಹೊಳೆಯ ಶಾಸನವನ್ನು ಬಿಡುವ ಮೊದಲು ಇನ್ನೊಂದು ಮಾತು. ರವಿಕೀರ್ತಿ ಯುದ್ಧವರದಿಗಾರನಲ್ಲ, ಜಿನಾಲಯವನ್ನು ಕಟ್ಟಿಸಿದ ಕವಿ. ತನ್ನ ಒಡೆಯನ ವಿಜಯಗಳನ್ನು ಅವನು ಹೊಗಳುವುದನ್ನು ನಾವು ಸ್ವಲ್ಪ ಕಳೆದು ಓದಬೇಕು. ಅದೇ ಶಾಸನದ ಕೊನೆಯಲ್ಲಿ ಅವನು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನೆಂದು ಹೇಳಿಕೊಳ್ಳುತ್ತಾನೆ. ಈ ಆತ್ಮಪ್ರಶಂಸೆಯನ್ನೂ ಕಳೆಯೋಣ. ಆದರೆ ಕಳೆದ ಮೇಲೂ ಉಳಿಯುವ ಒಂದು ಸತ್ಯಾಂಶವನ್ನು ರವಿಕೀರ್ತಿ ಉದ್ದೇಶಿಸಿದವನೇ ಅಲ್ಲ: 634ರ ಹೊತ್ತಿಗೆ ಮಲಪ್ರಭೆಯ ದಂಡೆಯಲ್ಲಿ ಕಾಳಿದಾಸನ ಹೆಸರು ಕವಿತ್ವದ ಅಳತೆಗೋಲಾಗಿತ್ತು. ಯುದ್ಧದ ವಿಷಯದಲ್ಲಿ ಸಂಶಯಾಸ್ಪದನಾದ ಸಾಕ್ಷಿ ಕಾವ್ಯಚರಿತ್ರೆಯ ವಿಷಯದಲ್ಲಿ ಅಲ್ಲಗಳೆಯಲಾಗದ ಸಾಕ್ಷಿಯಾದನು. ಮೂಲ ಆಕರವನ್ನು ಪೂರ್ತಿಯಾಗಿ ಓದಿದವನಿಗೆ ಮಾತ್ರ ಇಂತಹ ಲಾಭ ದೊರೆಯುತ್ತದೆ. ಬೇರೊಬ್ಬರ ಪುಸ್ತಕದಲ್ಲಿ ಉದ್ಧೃತವಾದ ಎರಡು ಪಂಕ್ತಿಗಳನ್ನು ಓದಿದವನಿಗೆ ಆ ಪುಸ್ತಕದವರು ಬೇಕೆಂದು ಆರಿಸಿದ ಲಾಭವಷ್ಟೇ.

ಪೂರ್ತಿ ಓದುವ ಮಾತು ಬಂದದ್ದರಿಂದ ಪುಣೆಯ ಕನ್ನಡಿಗರಿಗೆ ಪ್ರಿಯವಾದ ಒಂದು ಉದ್ಧರಣೆಯನ್ನು ಪ್ರಸ್ತಾಪಿಸಬೇಕಾಗಿದೆ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡು ಕನ್ನಡನಾಡೆಂದು ಕವಿರಾಜಮಾರ್ಗ ಸಾರುತ್ತದೆ. ಪುಣೆಯ ಮುಳಾ ಮುಠಾ ನದಿಗಳು ಭೀಮೆಯನ್ನೂ ಭೀಮೆ ಕೃಷ್ಣೆಯನ್ನೂ ಸೇರುವುದರಿಂದ, ಗೋದಾವರಿ ಇಲ್ಲಿಂದ ಬಡಗಣಕ್ಕೆ ಉಳಿಯುವುದರಿಂದ, ನಾವು ಈಗ ಕುಳಿತಿರುವ ಸ್ಥಳ ನೃಪತುಂಗನ ಕಾಲದ ಕನ್ನಡನಾಡಿನೊಳಗೇ ಇದೆಯೆಂದು ಹೇಳಿ ಚಪ್ಪಾಳೆ ಗಿಟ್ಟಿಸದ ರಾಜ್ಯೋತ್ಸವ ಭಾಷಣ ಈ ಊರಿನಲ್ಲಿ ವಿರಳ. ಚಪ್ಪಾಳೆಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಅದೇ ಗ್ರಂಥ ಮರುಗಳಿಗೆಯಲ್ಲಿಯೇ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಣ ಸೀಮೆಯನ್ನು ಕನ್ನಡದ ತಿರುಳೆಂದು ಕಿರಿದುಗೊಳಿಸುತ್ತದೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಆ ಚಿಕ್ಕ ಪ್ರದೇಶದಲ್ಲಿ ಪುಣೆಗೆ ಎಡೆಯಿಲ್ಲ. ವಿಸ್ತಾರವನ್ನೂ ತಿರುಳನ್ನೂ ಒಟ್ಟಿಗೆ ಹೇಳಿದ ಕವಿಯಿಂದ ವಿಸ್ತಾರವನ್ನು ಮಾತ್ರ ಕತ್ತರಿಸಿ ತಂದರೆ, ಉದ್ಧರಣೆಯ ಅಕ್ಷರ ಅಕ್ಷರವೂ ಶುದ್ಧವಾಗಿದ್ದು ಅರ್ಥ ಮಾತ್ರ ಅಶುದ್ಧವಾಗುತ್ತದೆ.

ಈ ಗ್ರಂಥವನ್ನು ಮೊದಲು ಸಂಪಾದಿಸಿ 1898ರಲ್ಲಿ ಮುದ್ರಣಕ್ಕೆ ತಂದವರು ಕೆ.ಬಿ. ಪಾಠಕರು, ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಆ ಮಹನೀಯರನ್ನು ಪುಣೆಯ ಕನ್ನಡಿಗರು ಇನ್ನೂ ಹೆಚ್ಚಾಗಿ ನೆನೆಯಬೇಕು. ಅವರು ನೃಪತುಂಗನೇ ಕರ್ತೃವೆಂದರು, ಫ್ಲೀಟರು ಒಪ್ಪಲಿಲ್ಲ, ಗ್ರಂಥವು ನೃಪತುಂಗದೇವನ ಅನುಮತವೆಂದು ತನ್ನನ್ನು ಕರೆದುಕೊಳ್ಳುವುದರಿಂದ ಕರ್ತೃ ಬೇರೆ, ಒಪ್ಪಿದವನು ಬೇರೆ ಎಂಬ ವಾದ ಬಲಗೊಂಡು, 1968ರಲ್ಲಿ ಎಂ.ವಿ. ಸೀತಾರಾಮಯ್ಯನವರು ಸಂಪಾದಿಸಿದಾಗ ಶ್ರೀವಿಜಯಕೃತವೆಂದೇ ಶೀರ್ಷಿಕೆಯಾಯಿತು. ಎಪ್ಪತ್ತು ವರ್ಷಗಳ ಈ ಚರ್ಚೆಯನ್ನು ವಿದ್ಯಾರ್ಥಿ ಹೇಗೆ ಬಳಸಬೇಕು? ಮತಗಳನ್ನು ಸಾಲಾಗಿ ಜೋಡಿಸಿ ಬಹುಮತವನ್ನು ಎಣಿಸುವುದರಿಂದಲ್ಲ. ಪ್ರತಿಯೊಬ್ಬ ವಿದ್ವಾಂಸರೂ ಗ್ರಂಥದ ಯಾವ ಪದ್ಯದ ಮೇಲೆ ಬೆರಳಿಟ್ಟು ಮಾತನಾಡಿದರೋ ಆ ಪದ್ಯಗಳ ಪಟ್ಟಿಯನ್ನು ಮಾಡಿಕೊಂಡು, ಗ್ರಂಥವನ್ನು ತೆರೆದು, ಆ ಪದ್ಯಗಳನ್ನು ಅವುಗಳ ಹಿಂದುಮುಂದಿನ ಪದ್ಯಗಳೊಡನೆ ತಾನೇ ಓದಬೇಕು. ಆನುಷಂಗಿಕ ಗ್ರಂಥದ ಪರಮೋಪಯೋಗ ಅದು ಕೊಡುವ ತೀರ್ಪಿನಲ್ಲಿಲ್ಲ, ನಾವು ಅಲಕ್ಷಿಸಿ ಹೋಗಬಹುದಾಗಿದ್ದ ಪದ್ಯದ ಕಡೆಗೆ ನಮ್ಮ ಕಣ್ಣನ್ನು ತಿರುಗಿಸುವುದರಲ್ಲಿದೆ.

ಮೂಲವೆಂದು ನಾವು ಕೈಗೆತ್ತಿಕೊಳ್ಳುವ ಪುಸ್ತಕವೂ ಎಷ್ಟರಮಟ್ಟಿಗೆ ಮೂಲವೆಂಬ ಪ್ರಶ್ನೆಗೆ ಭಾಂಡಾರಕರ ಮಂದಿರದ ಮಹಾಭಾರತವೇ ಉತ್ತರ. 1919ರಲ್ಲಿ ಆರಂಭವಾಗಿ, ವಿ.ಎಸ್. ಸುಖಠಣಕರ, ಶ್ರೀಪಾದ ಕೃಷ್ಣ ಬೇಲವಲಕರ, ಪ.ಲ. ವೈದ್ಯ ಇವರ ನೇತೃತ್ವದಲ್ಲಿ ಒಂದರ ಹಿಂದೊಂದಾಗಿ ಮುಂದುವರಿದು, 1966ರಲ್ಲಿ ಪೂರ್ಣಗೊಂಡ ಆ ಸಂಶೋಧಿತ ಆವೃತ್ತಿಗಾಗಿ ಶಾರದಾ, ಬಂಗಾಲಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳ ಸಾವಿರಕ್ಕೂ ಮಿಗಿಲಾದ ಹಸ್ತಪ್ರತಿಗಳನ್ನು ತರಿಸಿ, ಶ್ಲೋಕ ಶ್ಲೋಕವನ್ನೂ ಹೋಲಿಸಿ ನೋಡಿದರು. ಗಣಪತಿಯು ವ್ಯಾಸರಿಗೆ ಲಿಪಿಕಾರನಾದ ಕಥೆ ಮೂಲಪಾಠದಿಂದ ಅನುಬಂಧಕ್ಕೆ ಇಳಿಯಿತು. ಫ್ರಾಂಕ್ಲಿನ್ ಎಡ್ಜರ್ಟನ್ನರು ಸಂಪಾದಿಸಿದ ಸಭಾಪರ್ವದಲ್ಲಿ ದ್ರೌಪದಿ ಕೃಷ್ಣನಿಗೆ ಮೊರೆಯಿಡುವ ಭಾಗ ಕೆಳಗಣ ಪಾಠಾಂತರಗಳಿಗೆ ಸರಿಯಿತು. ಭಕ್ತರು ನೊಂದುಕೊಳ್ಳಬೇಕಾಗಿಲ್ಲ, ಬಿಟ್ಟದ್ದನ್ನು ಸಂಪಾದಕರು ಬಿಸಾಡಲಿಲ್ಲ; ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅಥವಾ ಅನುಬಂಧದಲ್ಲಿ ಎಲ್ಲವೂ ಇದೆ, ಯಾವ ಪ್ರತಿಯಲ್ಲಿದೆ ಯಾವುದರಲ್ಲಿಲ್ಲವೆಂಬುದು ಸಹ. ನಮ್ಮ ಕುಮಾರವ್ಯಾಸನು ಬಲ್ಲ ಭಾರತ ಯಾವುದಿರಬಹುದೆಂದು ವಿಚಾರಿಸುವವನಿಗೆ ಮೇಲಣ ದೊಡ್ಡ ಅಕ್ಷರಗಳಿಗಿಂತ ಆ ಸಣ್ಣ ಅಕ್ಷರಗಳೇ ಬೆಲೆಯುಳ್ಳವು, ಏಕೆಂದರೆ ಕವಿಯ ಕಾಲಕ್ಕೆ ಜನರ ನಡುವೆ ಬಾಳುತ್ತಿದ್ದದ್ದು ಬೆಳೆದ ಭಾರತ, ಸೋಸಿದ ಭಾರತವಲ್ಲ. ವ್ಯಾಸರು ಹೀಗೆಂದರು ಎಂದು ಬರೆಯುವ ವಿದ್ಯಾರ್ಥಿ ಯಾವ ಆವೃತ್ತಿಯ ವ್ಯಾಸರೆಂದು ಹೇಳದಿದ್ದರೆ ಅವನ ವಾಕ್ಯ ಅರ್ಧದಲ್ಲಿಯೇ ನಿಂತಂತೆ.

ರಾಜವಾಡೆಯವರು 1898ರಿಂದ ಪ್ರಕಟಿಸತೊಡಗಿದ ಮರಾಠರ ಇತಿಹಾಸ ಸಾಧನಗಳ ಸಂಪುಟಗಳೂ, ಗೋ.ಸ. ಸರದೇಸಾಯಿಯವರು 1930ರಿಂದ ಮುಂದೆ ಪೇಶ್ವೆ ದಫ್ತರದಿಂದ ಆರಿಸಿ ಪ್ರಕಟಿಸಿದ 45 ಭಾಗಗಳೂ ಇದೇ ಎಚ್ಚರವನ್ನು ಬೇಡುತ್ತವೆ. ಪತ್ರಗಳು ಮೂಲವೇ ಸರಿ. ಆದರೆ ರಾಜವಾಡೆಯವರ ದೀರ್ಘ ಪ್ರಸ್ತಾವನೆಗಳು ಅವರ ಸ್ವಂತ ವಾದಗಳು, ಸರದೇಸಾಯಿಯವರ ಆಯ್ಕೆ ಅವರ ಸ್ವಂತ ವಿವೇಕ. ಆರಿಸುವುದೂ ಒಂದು ಬಗೆಯ ವ್ಯಾಖ್ಯಾನವೇ ಅಲ್ಲವೆ?

ಕನ್ನಡ ಮರಾಠಿ ಎರಡು ಕಡೆಗೂ ಸೇರಿದ ಒಂದು ಪ್ರಸಂಗವನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. 1791ರಲ್ಲಿ ಪರಶುರಾಮಭಾವು ಪಟವರ್ಧನರ ಮರಾಠಾ ಸೈನ್ಯ ಟೀಪು ಸುಲ್ತಾನನ ಮೇಲಿನ ಯುದ್ಧಕ್ಕಾಗಿ ಮೈಸೂರು ಸೀಮೆಯಲ್ಲಿದ್ದಾಗ ಆ ಸೈನ್ಯದೊಡನೆ ಬಂದ ಲೂಟಿಕೋರರು ಶೃಂಗೇರಿ ಮಠವನ್ನು ಸುಲಿದರು. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಆ ಮಠದಲ್ಲಿ ಟೀಪು ಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿ ಕಳುಹಿಸಿದ ಪತ್ರಗಳ ಕಟ್ಟನ್ನು ಕಂಡುಹಿಡಿದರು. ಶಾರದೆಯ ಪುನಃಪ್ರತಿಷ್ಠೆಗೆ ನೆರವು, ಶತ್ರುನಾಶಕ್ಕಾಗಿ ಜಪತಪಗಳ ಬಿನ್ನಹ ಇವು ಅವುಗಳಲ್ಲಿವೆ. ಅತ್ತ ಪಟವರ್ಧನ ಮನೆತನದ ಕಾಗದಗಳನ್ನು ವಾಸುದೇವಶಾಸ್ತ್ರಿ ಖರೆಯವರು ತಮ್ಮ ಐತಿಹಾಸಿಕ ಲೇಖಸಂಗ್ರಹದಲ್ಲಿ ಅಚ್ಚುಹಾಕಿಸಿದರು. ಶೃಂಗೇರಿಯ ಪತ್ರಗಳನ್ನು ಹಿಡಿದು ಸುಲ್ತಾನನ ಔದಾರ್ಯವನ್ನು ಸ್ಥಾಪಿಸುವ ಪುಸ್ತಕಗಳಿವೆ, ಅವೇ ಪತ್ರಗಳಲ್ಲಿ ಸಂಕಟಕಾಲದ ರಾಜನೀತಿಯನ್ನು ಮಾತ್ರ ಕಾಣುವ ಪುಸ್ತಕಗಳೂ ಇವೆ. ಎರಡು ಪಕ್ಷಗಳ ಓದುಗರಲ್ಲಿ ಪತ್ರಗಳನ್ನೇ ಓದಿದವರು ಎಷ್ಟು ಮಂದಿಯೋ! ವಿದ್ಯಾರ್ಥಿಯು ಮೊದಲು ಪತ್ರದ ಮಿತಿ, ಬರೆದವನು, ಯಾರಿಗೆ, ಏನನ್ನು ಬೇಡಿ ಎಂಬಿಷ್ಟನ್ನು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ; ಯುದ್ಧದ ನಡುವಿನ ಆ ವರ್ಷವನ್ನೂ ಅದರ ಹಿಂದುಮುಂದಿನ ಪತ್ರಗಳನ್ನೂ ಪಕ್ಕದಲ್ಲಿರಿಸಿಕೊಳ್ಳಲಿ; ಆಮೇಲೆ ವಾದದ ಪುಸ್ತಕಗಳಿಗೆ ಹೋಗಲಿ. ಈ ಕ್ರಮವನ್ನು ತಿರುಗುಮುರುಗು ಮಾಡಿದವನಿಗೆ ಪತ್ರದಲ್ಲಿ ಪತ್ರ ಕಾಣಿಸುವುದಿಲ್ಲ, ತನ್ನ ಪಕ್ಷವೇ ಕಾಣಿಸುತ್ತದೆ.

ಬರೆಯುವ ಕಾಲದ ಒಂದೆರಡು ಸಣ್ಣ ಸಂಗತಿಗಳನ್ನು ತ್ವರೆಯಾಗಿ ಹೇಳುತ್ತೇನೆ. ಮತ್ತೊಬ್ಬರ ಅಡಿಟಿಪ್ಪಣಿಯಿಂದ ಎತ್ತಿಕೊಂಡ ಶಾಸನವನ್ನು ತಾನೇ ಕಂಡಂತೆ ನಮೂದಿಸುವ ಚಾಳಿ ಹಿರಿಯರಲ್ಲಿಯೂ ಇದೆ. ಅದರಿಂದ ಒಬ್ಬರ ಮುದ್ರಣದೋಷ ಐದು ಪುಸ್ತಕಗಳಲ್ಲಿ ಸಂಸಾರ ಹೂಡುತ್ತದೆ. ಯಾರ ಮೂಲಕ ಕಂಡಿರೋ ಅವರ ಹೆಸರನ್ನು ಹೇಳಿದರೆ ಮಾನ ಹೋಗುವುದಿಲ್ಲ. ಉದ್ಧರಣೆಯನ್ನು ಕೊಟ್ಟ ಮೇಲೆ ಅದರ ಕುರಿತು ತನ್ನದೊಂದು ವಾಕ್ಯವನ್ನಾದರೂ ಬರೆಯಲಾರದವನು ಆ ಉದ್ಧರಣೆಯನ್ನು ತೆಗೆದುಹಾಕುವುದು ಲೇಸು. ಮಲ್ಲಿನಾಥನ ಎರಡನೆಯ ಪ್ರತಿಜ್ಞೆ ಇಲ್ಲಿ ಒದಗುತ್ತದೆ. ಇಂದು ಅನೇಕ ಹಸ್ತಪ್ರತಿಗಳ ಛಾಯೆಗಳು ಗಣಕಯಂತ್ರದ ಪರದೆಯ ಮೇಲೆ ಸಿಕ್ಕುತ್ತಿರುವುದು ಮಹೋಪಕಾರವೇ ಆದರೂ, ಹುಡುಕುವ ಪದ ಸಿಕ್ಕಿದೊಡನೆ ಪುಟವನ್ನು ಮುಚ್ಚಿಬಿಡುವ ಅಭ್ಯಾಸವನ್ನೂ ಅದು ಬೆಳೆಸಿದೆ.

ಆಕರಗಳನ್ನು ಬಳಸಬೇಕಾದರೆ ಮೊದಲು ಅವು ಉಳಿದಿರಬೇಕಷ್ಟೆ. 2004ರ ಜನವರಿ 5ರಂದು ಭಾಂಡಾರಕರ ಮಂದಿರದ ಮೇಲೆ ನಡೆದ ದಾಳಿಯನ್ನು ಈ ಸಭೆಯ ಹಿರಿಯರು ಮರೆತಿರಲಾರರು. ಕೋಪ ಹುಟ್ಟಿದ್ದು ಶಿವಾಜಿ ಮಹಾರಾಜರ ಕುರಿತು ವಿದೇಶೀಯ ವಿದ್ವಾಂಸರೊಬ್ಬರು ಬರೆದ ಪುಸ್ತಕದ ಮೇಲೆ; ಹಾನಿ ತಟ್ಟಿದ್ದು ಆ ಪುಸ್ತಕದ ಮಾತುಗಳು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾಗುವಂತಹ ಹಸ್ತಪ್ರತಿ ಪುಸ್ತಕಗಳಿಗೆ. ಅಂದು ಚದರಿಬಿದ್ದ ಹಾಳೆಗಳನ್ನು ಆರಿಸಿ ಜೋಡಿಸುವ ಕೆಲಸವೂ ಸಂಶೋಧನೆಯ ಭಾಗವೇ ಆಯಿತು.

ದತ್ತಿಯ ಆಡಳಿತವರ್ಗದವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಪೇಶ್ವೆ ದಫ್ತರದ ಕಾಗದಗಳು ಬಹುಪಾಲು ಮೋಡಿ ಲಿಪಿಯಲ್ಲಿವೆ. ಧಾರವಾಡ, ಸವಣೂರು, ಬಾದಾಮಿ, ಚಿತ್ರದುರ್ಗಗಳ ಹದಿನೆಂಟನೆಯ ಶತಮಾನದ ಚರಿತ್ರೆಯನ್ನು ಬರೆಯುವವನು ಅವುಗಳನ್ನು ಮುಟ್ಟದೆ ಮುಂದೆ ಹೋಗಲಾರ. ಮೋಡಿಯನ್ನು ಓದಬಲ್ಲ ಕನ್ನಡ ಸಂಶೋಧಕರಾದರೋ ಬೆರಳೆಣಿಕೆಯಷ್ಟು. ಆ ಲಿಪಿಯನ್ನು ಕಲಿಸುವ ತರಗತಿಗಳು ಈ ಊರಿನಲ್ಲಿಯೇ ನಡೆಯುತ್ತವೆ. ದತ್ತಿಯ ಬಡ್ಡಿಯಲ್ಲಿ ಉಪನ್ಯಾಸಕನ ಹಾರ ಶಾಲುಗಳಿಗೆ ಆಗುವ ವೆಚ್ಚವನ್ನು ಉಳಿಸಿ, ವರ್ಷಕ್ಕೊಬ್ಬ ಕನ್ನಡ ವಿದ್ಯಾರ್ಥಿಯನ್ನು ಆ ತರಗತಿಗೆ ಕಳುಹಿಸಿ, ಮುಂದಿನ ವರ್ಷ ಇದೇ ವೇದಿಕೆಯಲ್ಲಿ ನನ್ನಂತಹವರ ಬದಲು ಅವನಿಗೆ ಒಂದು ಗಂಟೆಯ ಅವಕಾಶ ಕೊಡಿ. ಅವನು ಒಂದೇ ಒಂದು ಪತ್ರವನ್ನು ಮೂಲದಿಂದ ಓದಿ, ಅದರ ಮೇಲೆ ಇದುವರೆಗೆ ಯಾರು ಏನು ಬರೆದಿದ್ದಾರೆಂದು ತಿಳಿಸಿ, ಅವರೊಡನೆ ತಾನು ಎಲ್ಲಿ ಸಮ್ಮತಿಸುವುದಿಲ್ಲವೆಂದು ಹೇಳಲಿ. ಆ ಉಪನ್ಯಾಸವನ್ನು ಕೇಳುವುದಕ್ಕೆ ನಾನು ನನ್ನ ಸ್ವಂತ ಖರ್ಚಿನಲ್ಲಿ ಬರುತ್ತೇನೆ.